ಬಾಣಂತನದ ದಿನಗಳಲ್ಲೇ ಬಂದುಹೋಗುವ ಗಡುವು

ಗಂಡನ ಮನೆ ಹಿರೇಹಳ್ಳಿ, ತವರು ಕುಣಿಗಲ್ ಕಡೆ, ಹೆರಿಗೆ ತುಮಕೂರಿನಲ್ಲಿ. ನಮ್ಮ ಸೀಮೆಯ ಎಷ್ಟೋ ಮಕ್ಕಳ ಮೊದಲ ತಿಂಗಳುಗಳು ಹೀಗೆ ಮೂರು ಊರುಗಳಲ್ಲಿ ಹಂಚಿಹೋಗುತ್ತವೆ. ದಿನ ತುಂಬಿ ಹುಟ್ಟಿ, ಕೂಡಲೇ ಜೋರಾಗಿ ಅತ್ತು, ಮೂರು ಕೆ.ಜಿ. ತೂಗಿದ ಮಗುವಾದರೆ ಇದರಿಂದ ದೊಡ್ಡ ತೊಂದರೆಯೇನಿಲ್ಲ. ಏಳೆಂಟು ತಿಂಗಳಿಗೇ ಹುಟ್ಟಿದ, ಎರಡು ಕೆ.ಜಿ.ಯೂ ತೂಗದ, ಅಳುವುದಕ್ಕೆ ತಡ ಮಾಡಿದ, ಒಂದಷ್ಟು ದಿನ ‘ಪೆಟ್ಟಿಗೆಯಲ್ಲಿ ಇಟ್ಟಿದ್ದ’ ಮಗುವಿನ ವಿಚಾರ ಬೇರೆ. ಅಂಥ ಮಗುವಿಗೆ ಮೊದಲ ಮೂರು ತಿಂಗಳಲ್ಲಿ ಆಗಲೇಬೇಕಾದ ಪರೀಕ್ಷೆಗಳಿವೆ, ಮತ್ತು ಅವುಗಳ ಗಡುವೆಲ್ಲ ಬಾಣಂತನದ ದಿನಗಳಲ್ಲೇ ಬಂದುಹೋಗುತ್ತದೆ.

ಹೆರಿಗೆಯಾದ ಆಸ್ಪತ್ರೆಯವರು ಚೀಟಿ ಬರೆದು ಕಳಿಸಿರುತ್ತಾರೆ. ಹಿರೇಹಳ್ಳಿಯ ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಬಾಣಂತಿ, ಕೂಸು ತವರಿಗೆ ಹೋಗಿ ಆಗಿದೆ. ತವರೂರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಈ ಕೂಸಿನ ಹೆಸರೇ ಇಲ್ಲ. ಯಾರೂ ಕೆಲಸ ತಪ್ಪಿಸಿಲ್ಲ, ಆದರೂ ಕೂಸು ಮೂವರ ಕೈಯಿಂದಲೂ ಜಾರಿತು. ಹಾಗಾಗಿ ಮೊದಲ ಕೆಲಸ ಸರಳವಾದದ್ದು. ತವರಿಗೆ ಹೊರಡುವ ಮುಂಚೆ ನಿಮ್ಮೂರಿನ ಆಶಾ ಅಕ್ಕನಿಗೆ ಯಾವ ಊರಿಗೆ, ಯಾರ ಮನೆಗೆ ಹೋಗುತ್ತೀರಿ ಎಂದು ತಿಳಿಸಿ. ತವರು ಸೇರಿದ ದಿನವೇ ಅಲ್ಲಿನ ಅಂಗನವಾಡಿಯಲ್ಲೋ ಆಶಾ ಬಳಿಯೋ ಮಗುವಿನ ಹೆಸರು ಬರೆಸಿ. ತಾಯಿ ಕಾರ್ಡ್ ಮತ್ತು ಡಿಸ್ಚಾರ್ಜ್ ಚೀಟಿಯನ್ನು ಒಂದೇ ಚೀಲದಲ್ಲಿಡಿ, ಆ ಚೀಲ ಮಗು ಹೋದಲ್ಲೆಲ್ಲ ಹೋಗಲಿ.

ಆಸ್ಪತ್ರೆಯಲ್ಲಿ ಹುಟ್ಟಿದ ಪ್ರತಿ ಮಗುವನ್ನೂ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನಗಳಲ್ಲಿ ಮನೆಗೇ ಬಂದು ನೋಡಬೇಕು. ಆಮೇಲೆ 3, 6, 9, 12, 15ನೇ ತಿಂಗಳಲ್ಲಿ ಮತ್ತೆ ಬರಬೇಕು. ಇದು ಅವರ ಕರ್ತವ್ಯ, ನಿಮ್ಮ ಹಕ್ಕು. ಬರದಿದ್ದರೆ ಉಪಕೇಂದ್ರದ ನರ್ಸಮ್ಮನನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಯಾವ ಮಕ್ಕಳ ಮೇಲೆ ಹೆಚ್ಚು ನಿಗಾ?

37 ವಾರ ತುಂಬುವ ಮುಂಚೆ ಹುಟ್ಟಿದ ಮಗು, ಅದರಲ್ಲೂ 34 ವಾರಕ್ಕಿಂತ ಮುಂಚೆ ಹುಟ್ಟಿದ್ದು. ತೂಕ ಕಡಿಮೆ ಇದ್ದದ್ದು. ಹುಟ್ಟಿದಾಗ ಅಳದೆ ಆಮ್ಲಜನಕ ಕೊಡಬೇಕಾಗಿ ಬಂದದ್ದು. ಮೊದಲ ದಿನಗಳಲ್ಲೇ ಫಿಟ್ಸ್ ಬಂದದ್ದು. ಕಾಮಾಲೆ ಏರಿ ರಕ್ತ ಬದಲಾಯಿಸಬೇಕಾಗಿ ಬಂದದ್ದು. ಮೆದುಳುಪೊರೆಗೆ ಸೋಂಕು ತಗುಲಿದ್ದು. ಅವಳಿ ಜವಳಿ. ಹುಟ್ಟುವಾಗಲೇ ಸೀಳುತುಟಿ, ಸೊಟ್ಟ ಪಾದ, ಹೃದಯದ ತೊಂದರೆ ಅಥವಾ ಡೌನ್ ಸಿಂಡ್ರೋಮ್ ಇರುವ ಮಗು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರ ಮಕ್ಕಳಲ್ಲಿ ಹುಟ್ಟು ಕಿವುಡು ಮತ್ತು ಕೆಲವು ಅನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚು. ನಮ್ಮ ಕಡೆ ಇಂಥ ಸಂಬಂಧಗಳು ಈಗಲೂ ನಡೆಯುತ್ತವೆ. ವೈದ್ಯರು ಕೇಳದಿದ್ದರೂ ನೀವೇ ಹೇಳಿ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಇವರಲ್ಲಿ ಬಹಳಷ್ಟು ಮಕ್ಕಳು ಯಾವ ತೊಂದರೆಯೂ ಇಲ್ಲದೆ ಬೆಳೆಯುತ್ತಾರೆ, ಅದನ್ನೂ ಸ್ಪಷ್ಟವಾಗಿ ಹೇಳಬೇಕು. ನಿಗಾ ಇಡುವುದೆಂದರೆ ರೋಗದ ಹಣೆಪಟ್ಟಿ ಅಂಟಿಸುವುದು ಅಂತಲ್ಲ. ಮೆದುಳು ಅತಿ ವೇಗವಾಗಿ ಬೆಳೆಯುವುದು ಮೊದಲ ಎರಡು ಮೂರು ವರ್ಷಗಳಲ್ಲಿ. ತೊಂದರೆ ಬಂದದ್ದೇ ಆದರೆ ಆ ಕಾಲದಲ್ಲಿ ಸಿಗುವ ನೆರವಿನ ಫಲ ಮುಂದೆ ಅದೇ ಶ್ರಮಕ್ಕೆ ಸಿಗುವುದಿಲ್ಲ, ಅಷ್ಟೇ.

ಕಣ್ಣು: ಮೂವತ್ತು ದಿನದೊಳಗೆ

ಬಹಳ ಬಿಗಿಯಾದ ಗಡುವು ಕಣ್ಣಿನದು. ಕಣ್ಣಿನ ಹಿಂಭಾಗದ ರೆಟಿನಾಕ್ಕೆ ರಕ್ತನಾಳಗಳು ಪೂರ್ತಿ ಹರಡುವುದು ಗರ್ಭದ ಕೊನೆಯ ವಾರಗಳಲ್ಲಿ. ಮಗು ಮುಂಚೆಯೇ ಹುಟ್ಟಿದರೆ ಆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಆಮೇಲೆ ನಾಳಗಳು ಅಡ್ಡಾದಿಡ್ಡಿ ಬೆಳೆದು ರೆಟಿನಾವನ್ನೇ ಎಳೆದು ಕಿತ್ತುಬಿಡಬಹುದು. ಇದಕ್ಕೆ ಆರ್‌ಒಪಿ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಕಣ್ಣು ಫಳಫಳ ಹೊಳೆಯುತ್ತಿರುತ್ತದೆ, ತಾಯಿಗಾಗಲಿ ಅಜ್ಜಿಗಾಗಲಿ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ದೃಷ್ಟಿ ಹೋಗಿರುತ್ತದೆ. ಸಮಯಕ್ಕೆ ಪತ್ತೆಯಾದರೆ ಲೇಸರ್ ಚಿಕಿತ್ಸೆಯಿಂದ ಬಹುಪಾಲು ಮಕ್ಕಳ ಕಣ್ಣು ಉಳಿಯುತ್ತದೆ.

34 ವಾರಕ್ಕಿಂತ ಮುಂಚೆ ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಗಿದ ಮಗುವಿಗೆ ಹುಟ್ಟಿ 30 ದಿನದೊಳಗೆ ಮೊದಲ ಪರೀಕ್ಷೆ ಆಗಬೇಕು. 28 ವಾರಕ್ಕೂ ಮುಂಚೆ ಹುಟ್ಟಿದ್ದರೆ ಅಥವಾ 1,200 ಗ್ರಾಂಗಿಂತ ಕಡಿಮೆ ಇದ್ದರೆ ಎರಡು ಮೂರು ವಾರದಲ್ಲೇ ಆಗಬೇಕು. ಒಂದು ಸಲ ನೋಡಿಸಿದರೆ ಮುಗಿಯಲಿಲ್ಲ. ನಾಳಗಳು ಪೂರ್ತಿ ಹರಡಿವೆ ಎಂದು ವೈದ್ಯರು ಹೇಳುವವರೆಗೆ ವಾರಕ್ಕೋ ಎರಡು ವಾರಕ್ಕೋ ಮತ್ತೆ ಹೋಗುತ್ತಿರಬೇಕು.

ಇಲ್ಲೇ ಬಾಣಂತನದ ಕಟ್ಟುಪಾಡು ಅಡ್ಡ ಬರುವುದು. ‘ಬಾಣಂತಿ ಹೊಸಿಲು ದಾಟಬಾರದು, ಕೂಸಿಗೆ ಗಾಳಿ ಸೋಕಬಾರದು, ಮೂರು ತಿಂಗಳು ಕಳೀಲಿ’ ಎನ್ನುವ ಅಜ್ಜಿಯ ಮಾತಿನ ಹಿಂದೆ ಪ್ರೀತಿಯೇ ಇದೆ. ಎಳೆಗೂಸನ್ನು ಸೋಂಕಿನಿಂದ ಕಾಯಲು ಆ ಪದ್ಧತಿ ಎಷ್ಟೋ ಕಾಲ ನೆರವಾಗಿದೆ ಕೂಡ. ಆದರೆ ನಾವು ಮೂರು ತಿಂಗಳು ಕಾದರೂ ಆರ್‌ಒಪಿ ಕಾಯುವುದಿಲ್ಲ. ಅಜ್ಜಿಯನ್ನು ಎದುರು ಹಾಕಿಕೊಳ್ಳುವ ಬದಲು ಆಸ್ಪತ್ರೆಗೆ ಅವರನ್ನೇ ಜೊತೆಯಲ್ಲಿ ಕರೆದುಕೊಂಡು ಹೋಗಿ, ವೈದ್ಯರ ಬಾಯಿಂದಲೇ ಕೇಳಿಸಿ. ಕಿವಿ ಮುಚ್ಚಿ ಟೋಪಿ ಹಾಕಿ, ತಾಯಿಯ ಎದೆಗೆ ಒತ್ತಿಕೊಂಡಂತೆ ಬಟ್ಟೆ ಸುತ್ತಿದರೆ ಕೂಸಿಗೆ ಬಸ್ಸಿನಲ್ಲಿ ಚಳಿಯಾಗುವುದಿಲ್ಲ.

ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿದೆ. ಮಕ್ಕಳ ಕಣ್ಣಿನ ತಜ್ಞರು ಹೆಚ್ಚಾಗಿ ಬೆಂಗಳೂರಿನಲ್ಲಿ, ಮುಂಚೆ ಹುಟ್ಟಿದ ಮಕ್ಕಳು ಜಿಲ್ಲೆ ಜಿಲ್ಲೆಗಳಲ್ಲಿ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಮತ್ತು ತಂಡ 2008ರಲ್ಲಿ ‘ಕಿಡ್‌ರಾಪ್’ ಎಂಬ ಕಾರ್ಯಕ್ರಮ ಶುರು ಮಾಡಿತು. ತರಬೇತಿ ಪಡೆದ ತಂತ್ರಜ್ಞರು ರೆಟಿನಾದ ಚಿತ್ರ ತೆಗೆಯುವ ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಹೋಗುತ್ತಾರೆ. ತೆಗೆದ ಚಿತ್ರವನ್ನು ಕೆಂಪು, ಕಿತ್ತಳೆ, ಹಸಿರು ಎಂದು ಅಲ್ಲೇ ವಿಂಗಡಿಸಿ ಬೆಂಗಳೂರಿನ ವೈದ್ಯರಿಗೆ ಕಳಿಸುತ್ತಾರೆ. ಹಳ್ಳಿಯ ಮಗು ಊರು ಬಿಡುವ ಮುಂಚೆ ಅದರ ಕಣ್ಣಿನ ಚಿತ್ರ ತಜ್ಞರನ್ನು ತಲುಪಿರುತ್ತದೆ. ನಿಮ್ಮ ಮಗು ಇರುವ ಘಟಕದಲ್ಲಿ ‘ಆರ್‌ಒಪಿ ಪರೀಕ್ಷೆ ಯಾವ ದಿನ, ಯಾರು ಬರುತ್ತಾರೆ?’ ಎಂದು ಡಿಸ್ಚಾರ್ಜ್‌ಗೆ ಮುಂಚೆ ಕೇಳಿ. ದಿನಾಂಕವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಪರೀಕ್ಷೆಗೆ ಮೊದಲು ಕಣ್ಣಿಗೆ ಹನಿ ಹಾಕುತ್ತಾರೆ, ಮಗು ಜೋರಾಗಿ ಅಳುತ್ತದೆ, ನೋಡುವವರ ಕರುಳು ಹಿಂಡುತ್ತದೆ. ಆದರೂ ಕೆಲವೇ ನಿಮಿಷದ ಕೆಲಸ. ಹಾಲು ಯಾವಾಗ ಕುಡಿಸಬಹುದು ಎಂದು ಮೊದಲೇ ವಿಚಾರಿಸಿ.

ಕಿವಿ: ಒಂದು, ಮೂರು, ಆರು

ಕೇಳಿಸದ ಮಗು ಮಾತು ಕಲಿಯುವುದಿಲ್ಲ. ಜಗತ್ತಿನ ಹಲವೆಡೆ ಈಗ ಪಾಲಿಸುವ ಲೆಕ್ಕ ಹೀಗಿದೆ: ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಕಿವುಡು ಇದೆಯೇ ಇಲ್ಲವೇ ಎಂಬ ಖಚಿತ ತೀರ್ಮಾನ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಶುರು. ನಮ್ಮಲ್ಲಿ ನಡೆಯುವುದು ಸಾಮಾನ್ಯವಾಗಿ ಬೇರೆ. ಎರಡು ವರ್ಷಕ್ಕೂ ಮಾತು ಬರಲಿಲ್ಲವೆಂದರೆ ‘ಇವನಪ್ಪನಿಗೂ ತಡವಾಗಿಯೇ ಬಂತು’ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ, ಬಜೆ ತೇದು ನಾಲಿಗೆಗೆ ಹಚ್ಚುತ್ತೇವೆ, ಹರಕೆ ಹೊರುತ್ತೇವೆ. ಹರಕೆ ಹೊರುವುದು ಅವರವರ ನಂಬಿಕೆ. ಕಿವಿ ಪರೀಕ್ಷೆಯನ್ನು ಮಾತ್ರ ಅದಕ್ಕಾಗಿ ಮುಂದೆ ಹಾಕಬೇಡಿ. ಬಜೆಯ ಜೊತೆ ಜೇನು ನೆಕ್ಕಿಸುವುದು ಒಂದು ವರ್ಷದೊಳಗಿನ ಕೂಸಿಗೆ ನಿಜಕ್ಕೂ ಅಪಾಯ.

ಮೊದಲ ಪರೀಕ್ಷೆಗೆ ಒಎಇ ಎಂದು ಹೆಸರು. ಹಾಲು ಕುಡಿದು ಮಲಗಿರುವ ಕೂಸಿನ ಕಿವಿಗೆ ಮೆತ್ತನೆಯ ಬಿರಡೆ ಇಟ್ಟು ಸಣ್ಣ ಸದ್ದು ಕೇಳಿಸುತ್ತಾರೆ, ಒಳಕಿವಿ ಅದಕ್ಕೆ ಉತ್ತರ ಕೊಡುತ್ತದೆಯೇ ಎಂದು ಯಂತ್ರ ಅಳೆಯುತ್ತದೆ. ಸೂಜಿ ಇಲ್ಲ, ನೋವಿಲ್ಲ. ‘ರೆಫರ್’ ಎಂದು ಬಂದರೆ ಕಿವುಡೆಂದು ಅರ್ಥವಲ್ಲ. ಕಿವಿಯಲ್ಲಿ ಹುಟ್ಟಿದಾಗಿನ ಮೇಣ, ದ್ರವ ಉಳಿದಿದ್ದರೂ ಹಾಗೆ ಬರುತ್ತದೆ. ಮತ್ತೆ ಮಾಡಿಸಬೇಕು ಎಂಬುದೊಂದೇ ಅದರ ಅರ್ಥ. ನವಜಾತ ಶಿಶು ಘಟಕದಲ್ಲಿ ದಿನಗಟ್ಟಲೆ ಇದ್ದ ಮಗುವಿಗೆ, ಕಾಮಾಲೆ ಬಹಳ ಏರಿದ್ದ ಮಗುವಿಗೆ ಒಎಇ ಒಂದೇ ಸಾಲದು. ಸದ್ದು ನರದ ಮೂಲಕ ಮೆದುಳಿಗೆ ಮುಟ್ಟುತ್ತದೆಯೇ ಎಂದು ನೋಡುವ ಬೆರಾ ಪರೀಕ್ಷೆಯೂ ಬೇಕು. ಇದನ್ನು ನೀವಾಗಿಯೇ ಕೇಳಿ ಮಾಡಿಸಿಕೊಳ್ಳಬೇಕಾಗಬಹುದು.

ಕಿವುಡು ಖಚಿತವಾದರೆ ನಮ್ಮ ರಾಜ್ಯದವರ ಭಾಗ್ಯಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 1965ರಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ ಪರೀಕ್ಷೆ, ಶ್ರವಣ ಸಾಧನ, ವಾಕ್ ತರಬೇತಿ, ಎಳೆಯ ಮಕ್ಕಳ ಶಾಲೆ ಎಲ್ಲವೂ ಒಂದೇ ಆವರಣದಲ್ಲಿವೆ, ತಾಯಂದಿರಿಗೂ ಅಲ್ಲಿ ಕಲಿಸುತ್ತಾರೆ. ಶ್ರವಣ ಸಾಧನದಿಂದ ಪ್ರಯೋಜನವಾಗದ ಎಳೆಯ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ಕೇಂದ್ರದ ಅಡಿಪ್ ಯೋಜನೆಯೂ ರಾಜ್ಯದ ‘ಶ್ರವಣ ಸಂಜೀವಿನಿ’ಯೂ ನೆರವಾಗುತ್ತವೆ. ವಯಸ್ಸಿನ ಮಿತಿ ಇರುವುದರಿಂದ ಇಲ್ಲಿಯೂ ತಡ ಮಾಡಿದಷ್ಟು ನಷ್ಟ.

ಕಣ್ಣು, ಕಿವಿಯಲ್ಲದೆ ಇನ್ನೆರಡು ವಿಷಯ. ಹುಟ್ಟಿದ ಎರಡು ಮೂರು ದಿನಕ್ಕೆ ಹಿಮ್ಮಡಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದು ಥೈರಾಯ್ಡ್ ನೋಡಿಸಬೇಕು. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಮಗುವಿಗೆ ಎರಡು ವಾರದೊಳಗೆ ಮಾತ್ರೆ ಶುರುವಾದರೆ ಬುದ್ಧಿ ಬೆಳವಣಿಗೆ ಉಳಿಯುತ್ತದೆ. ಸೊಟ್ಟ ಪಾದವಿದ್ದರೆ ಮೊದಲ ವಾರಗಳಲ್ಲೇ ಪೊನ್ಸೆಟಿ ವಿಧಾನದ ಪ್ಲಾಸ್ಟರ್ ಹಾಕಿಸಿ. ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್ ಬದಲಾಯಿಸಿದರೆ ಪಾದ ನೇರವಾಗುತ್ತದೆ. ಆಮೇಲೆ ಕೊಡುವ ಜೋಡಿ ಬೂಟಿನ ಪಟ್ಟಿಯನ್ನು ನಾಲ್ಕೈದು ವರ್ಷದವರೆಗೂ ರಾತ್ರಿ ಹೊತ್ತು ಹಾಕುವುದನ್ನು ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ.

ಯಾವಾಗ ಎಚ್ಚರವಾಗಬೇಕು?

ಮುಂಚೆ ಹುಟ್ಟಿದ ಮಗುವಿನ ವಯಸ್ಸನ್ನು ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಬೇಕು, ಹುಟ್ಟಿದ ದಿನದಿಂದಲ್ಲ. ಎರಡು ತಿಂಗಳು ಮುಂಚೆ ಹುಟ್ಟಿ ಈಗ ಆರು ತಿಂಗಳಾಗಿರುವ ಕೂಸಿನಿಂದ ನಾಲ್ಕು ತಿಂಗಳ ಕೂಸಿನ ಆಟಪಾಠ ನಿರೀಕ್ಷಿಸಿದರೆ ಸಾಕು. ಎರಡು ವರ್ಷದವರೆಗೆ ಇದೇ ಲೆಕ್ಕ. ಲಸಿಕೆಗೆ ಮಾತ್ರ ಹುಟ್ಟಿದ ದಿನವೇ ಲೆಕ್ಕ, ಅದನ್ನು ಮುಂದೂಡಬಾರದು.

ಹೀಗೆ ಎಣಿಸಿದ ಮೇಲೂ ಎರಡು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ನಾಲ್ಕು ತಿಂಗಳು ಕಳೆದರೂ ಕತ್ತು ನಿಲ್ಲದಿದ್ದರೆ, ಆಗಲೂ ಮುಷ್ಟಿ ಬಿಗಿದೇ ಇದ್ದರೆ, ಲಂಗೋಟಿ ಬದಲಾಯಿಸುವಾಗ ತೊಡೆಗಳು ಕತ್ತರಿಯಂತೆ ಬಿಗಿದುಕೊಂಡರೆ ತೋರಿಸಿ. ಒಂಬತ್ತು ತಿಂಗಳಿಗೆ ಆಸರೆಯಿಲ್ಲದೆ ಕೂರದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ ತೋರಿಸಿ. ವರ್ಷ ತುಂಬುವ ಮುಂಚೆಯೇ ಒಂದೇ ಕೈ ಬಳಸುವ ಮಗುವನ್ನು ‘ಎಡಚ’ ಎಂದು ನಕ್ಕು ಬಿಡಬೇಡಿ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಎಡ ಬಲ ತೀರ್ಮಾನವಾಗುವುದಿಲ್ಲ, ಇನ್ನೊಂದು ಕೈಯಲ್ಲಿ ಬಲ ಕಡಿಮೆ ಇರಬಹುದು. ಒಂದೂವರೆ ವರ್ಷಕ್ಕೆ ನಡೆಯದ, ಬೇಕಾದ್ದನ್ನು ಬೆರಳು ಮಾಡಿ ತೋರಿಸದ, ಒಂದೂ ಪದ ಆಡದ ಮಗು. ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಕು’ ಎಂದು ಎರಡು ಪದ ಜೋಡಿಸದ ಮಗು. ಇವರನ್ನೂ ತೋರಿಸಿ. ಮತ್ತು ಯಾವ ವಯಸ್ಸಿನಲ್ಲೇ ಆಗಲಿ, ಬರುತ್ತಿದ್ದ ಮಾತು, ನಗು, ಆಟ ನಿಂತುಹೋದರೆ ಒಂದು ದಿನವೂ ಕಾಯುವಂತಿಲ್ಲ.

ಎಲ್ಲಿಗೆ ಹೋಗಬೇಕು?

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ನಡೆಯುತ್ತಿದೆ. ಹಳ್ಳಿಯಲ್ಲಿ ಇದನ್ನು ಆರ್‌ಬಿಎಸ್‌ಕೆ ಡಾಕ್ಟರು ಬಂದರು ಎಂದೇ ಗುರುತಿಸುತ್ತಾರೆ. ತಾಲ್ಲೂಕಿನ ಸಂಚಾರಿ ತಂಡ ವರ್ಷಕ್ಕೆ ಎರಡು ಸಲ ಪ್ರತಿ ಅಂಗನವಾಡಿಗೂ ಬಂದು ಆರು ವರ್ಷದೊಳಗಿನ ಮಕ್ಕಳನ್ನು ನೋಡಬೇಕು. ಮಗುವನ್ನು ಆ ದಿನ ತಪ್ಪದೆ ಕರೆದೊಯ್ಯಿರಿ. ಆದರೆ ತಂಡ ಬಂದು ಹೋದ ಮರುವಾರ ನಿಮಗೆ ಅನುಮಾನ ಬಂದರೆ ಇನ್ನೊಂದು ಆರು ತಿಂಗಳು ಕಾಯುವುದು ಸಲ್ಲ. ಗುಬ್ಬಿ, ಕುಣಿಗಲ್‌ನವರು ಅಲ್ಲಿನ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರನ್ನು ಕಂಡು ಮುಂದಕ್ಕೆ ಚೀಟಿ ಬರೆಸಿಕೊಳ್ಳಬಹುದು. ಹಿರೇಹಳ್ಳಿಯವರು ನೇರವಾಗಿ ತುಮಕೂರಿಗೆ ಹೋಗುವುದೇ ಸಲೀಸು.

ಈ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಪತ್ತೆ ಮತ್ತು ನೆರವಿನ ಕೇಂದ್ರ ಇರಬೇಕೆಂಬ ನಿಯಮವಿದೆ, ಆಸ್ಪತ್ರೆಯಲ್ಲಿ ‘ಡಿಇಐಸಿ’ ಎಂದು ಕೇಳಿ. ನಮ್ಮವರಿಗೆ ಅದರ ದಾರಿ ತುಮಕೂರಿನ ಜಿಲ್ಲಾ ಆಸ್ಪತ್ರೆ. ಮಕ್ಕಳ ವೈದ್ಯರು, ಫಿಜಿಯೋಥೆರಪಿಸ್ಟ್, ಕಿವಿ ಮತ್ತು ಮಾತಿನ ತಜ್ಞರು, ಮನಶ್ಶಾಸ್ತ್ರಜ್ಞರು, ಕಣ್ಣು ಪರೀಕ್ಷಕರು, ವಿಶೇಷ ಶಿಕ್ಷಕರು ಒಂದೇ ಕಡೆ ಸಿಗಬೇಕೆಂಬುದು ಅದರ ಉದ್ದೇಶ. ಯಾವ ತಜ್ಞರು ಯಾವ ದಿನ ಇರುತ್ತಾರೆ ಎಂದು 104 ಆರೋಗ್ಯವಾಣಿಯಲ್ಲೋ ಆಶಾ ಅಕ್ಕನ ಮೂಲಕವೋ ವಿಚಾರಿಸಿಕೊಂಡು ಹೋದರೆ ಒಂದು ದಿನದ ಕೂಲಿ ಉಳಿದೀತು. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ತಾಯಿಗೂ ಅಜ್ಜಿಗೂ ಟಿಕೆಟ್ ಇಲ್ಲ. ಹೆಚ್ಚಿನ ತಪಾಸಣೆಗೆ ಬೆಂಗಳೂರಿಗೆ ಕಳಿಸಿದರೆ ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಕೈಕಾಲು ಬಿಗಿತದ ಮಕ್ಕಳಿಗಾಗಿಯೇ ದುಡಿಯುತ್ತಿರುವ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇವೆ. ಹಿರೇಹಳ್ಳಿಯವರಿಗೆ ಯಶವಂತಪುರದ ರೈಲು ಅನುಕೂಲ. ಕುಣಿಗಲ್‌ನವರು ತುಮಕೂರಿಗೆ ಬರದೆ ನೇರ ಬೆಂಗಳೂರು ಬಸ್ಸು ಹಿಡಿಯಬಹುದು.

ಮನೆಯಲ್ಲಿ ಮಾಡುವುದೇ ಹೆಚ್ಚು

ಫಿಜಿಯೋಥೆರಪಿಸ್ಟ್ ಕೈಗೆ ಮಗು ಸಿಗುವುದು ವಾರಕ್ಕೆ ಅರ್ಧ ಗಂಟೆ. ಉಳಿದ ಹೊತ್ತೆಲ್ಲ ಮಗು ನಿಮ್ಮ ಕೈಯಲ್ಲಿದೆ. ಆದ್ದರಿಂದ ಕೇಂದ್ರಕ್ಕೆ ಹೋದಾಗ ಅವರು ಮಾಡಿದ್ದನ್ನು ನೋಡಿ ಬರುವುದಷ್ಟೇ ಸಾಲದು. ‘ನಾನು ಮಾಡ್ತೀನಿ, ಸರಿ ಇದೆಯಾ ನೋಡಿ’ ಎಂದು ಅವರೆದುರೇ ಮಾಡಿ ತಿದ್ದಿಸಿಕೊಳ್ಳಿ. ಒಪ್ಪಿದರೆ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ, ಮನೆಯಲ್ಲಿರುವ ಅತ್ತೆಗೂ ಗಂಡನಿಗೂ ಅದು ಪಾಠವಾಗುತ್ತದೆ.

ತೂಕ ಕಡಿಮೆಯ ಕೂಸಿಗೆ ಮೊದಲ ಔಷಧಿ ತಾಯಿಯ ಎದೆಯ ಬಿಸಿ. ಬಟ್ಟೆಯಿಲ್ಲದ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟು ಮೇಲೆ ಸೀರೆಯಿಂದಲೋ ಬಟ್ಟೆಯಿಂದಲೋ ಕಟ್ಟುವ ಈ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸರ್ಕಾರದ ಜೊತೆ ಸೇರಿ ಇದನ್ನು ಇಡೀ ಜಿಲ್ಲೆಯ ಆಸ್ಪತ್ರೆಗಳಿಗೂ ಮನೆಗಳಿಗೂ ಮುಟ್ಟಿಸಿ ತೋರಿಸಿದೆ. ತಾಯಿ ದಣಿದಾಗ ಅಪ್ಪ, ಅಜ್ಜಿ ಯಾರು ಬೇಕಾದರೂ ಹೀಗೆ ಹಿಡಿದುಕೊಳ್ಳಬಹುದು. ಎದೆ ಚೀಪಲು ಶಕ್ತಿಯಿಲ್ಲದ ಕೂಸಿಗೆ ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ ಕುಡಿಸಿ. ಆದರೆ ಕಾಲ ಮೇಲೆ ಅಂಗಾತ ಮಲಗಿಸಿ ಗಂಟಲಿಗೆ ಸುರಿಯಬೇಡಿ. ತಲೆ ಎತ್ತರಕ್ಕಿರಲಿ, ತುಟಿಗೆ ತಾಗಿಸಿ ಕೂಸೇ ಹೀರಿಕೊಳ್ಳುವಷ್ಟು ವ್ಯವಧಾನ ಕೊಡಿ. ಕುದಿನೀರಿನಲ್ಲಿ ಒಳಲೆಯನ್ನು ಪ್ರತಿ ಸಲ ತೊಳೆಯಬೇಕು.

ನಮ್ಮ ಹಳೆಯ ರೂಢಿಗಳಲ್ಲಿ ಕೆಲವು ಬಂಗಾರದಂಥವು. ಮಗುವನ್ನು ಸೊಂಟದ ಮೇಲೆ, ಕಂಕುಳಲ್ಲಿ ಎತ್ತಿಕೊಳ್ಳುವುದು ಬಿಗಿದ ತೊಡೆಗಳನ್ನು ಅಗಲಿಸುತ್ತದೆ, ಕೀಲಿಗೂ ಒಳ್ಳೆಯದು. ಎಣ್ಣೆ ನೀವುವಾಗ ‘ಇದು ಕೈ, ಇದು ಹೊಟ್ಟೆ’ ಎಂದು ಮಾತಾಡಿಸುವುದು, ಜೋಗುಳ ಹಾಡುವುದು, ಕೂಸುಮರಿ ಆಡಿಸುವುದು ಎಲ್ಲವೂ ಮೆದುಳಿಗೆ ಆಹಾರ. ಎಚ್ಚರವಿರುವಾಗ ಚಾಪೆಯ ಮೇಲೆ ಬೋರಲು ಮಲಗಿಸಿ, ಎದೆಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮುಂದೆ ಹೊಳೆಯುವ ಸ್ಟೀಲ್ ಲೋಟ ಆಡಿಸಿ. ತಲೆ ಎತ್ತಲು ಅದು ಕಲಿಸುತ್ತದೆ. ಕೆಲವನ್ನು ಬಿಡಬೇಕು. ಸ್ನಾನದ ನಂತರ ಕಾಲು ಹಿಡಿದು ತಲೆಕೆಳಗು ಮಾಡುವುದು, ಮೂಗಿಗೆ ಎಣ್ಣೆ ಬಿಡುವುದು, ಕಾಲು ನೆಟ್ಟಗೆ ಎಳೆದು ಬಿಗಿಯಾಗಿ ಬಟ್ಟೆ ಸುತ್ತುವುದು, ಹೊಟ್ಟೆಗೆ ಬರೆ ಹಾಕುವುದು ಈ ಮಕ್ಕಳಿಗೆ ಸಲ್ಲದು. ಚಕ್ರದ ವಾಕರ್‌ಗೆ ದುಡ್ಡು ಹಾಕಬೇಡಿ. ಅದರಿಂದ ಬೇಗ ನಡೆಯುವುದಿಲ್ಲ, ಬಿದ್ದು ಪೆಟ್ಟಾಗುವುದು ಜಾಸ್ತಿ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿತು. ಎರಡು ವರ್ಷದವರೆಗೆ ಮೊಬೈಲ್ ಕೈಗೆ ಬೇಡ. ಊಟ ಮಾಡಿಸಲು ಕೂಡ ಬೇಡ.

ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗಾಗಿ ‘ನವಚೇತನ’ ಎಂಬ ಮಾರ್ಗಸೂಚಿ ತಂದಿದೆ, ಅದರಲ್ಲಿ ಮನೆಯಲ್ಲೂ ಅಂಗನವಾಡಿಯಲ್ಲೂ ಮಾಡುವ 140 ಚಟುವಟಿಕೆಗಳಿವೆ. ಈ ತಿಂಗಳ ವಯಸ್ಸಿಗೆ ಯಾವ ಆಟ ಎಂದು ಅಂಗನವಾಡಿ ಟೀಚರನ್ನು ಕೇಳಿ.

ಭರವಸೆ ಕೊಡುವವರ ವಿಚಾರದಲ್ಲಿ ಎಚ್ಚರ ಬೇಕು. ಮುಂಚೆ ಹುಟ್ಟಿದ ಮಕ್ಕಳಿಗೆ ಆಸ್ಪತ್ರೆಯಿಂದ ಬಂದ ಮೇಲೆ ಕೊಡುವ ಇಂಥ ನೆರವು ಬುದ್ಧಿ ಬೆಳವಣಿಗೆಗೆ ಸ್ಪಷ್ಟವಾಗಿ, ಕೈಕಾಲಿನ ಚಲನೆಗೆ ಸ್ವಲ್ಪ ಮಟ್ಟಿಗೆ ಉಪಕಾರಿ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2015ರ ಕೊಕ್ರೇನ್ ಪರಾಮರ್ಶೆ ಹೇಳುತ್ತದೆ. ಎಲ್ಲವೂ ವಾಸಿಯಾಗುತ್ತದೆ ಎಂದು ಅದು ಹೇಳುವುದಿಲ್ಲ. ಆರು ತಿಂಗಳಲ್ಲಿ ಪೂರ್ತಿ ಗುಣ ಮಾಡುತ್ತೇವೆಂದು ಲಕ್ಷಗಟ್ಟಲೆ ಕೇಳುವವರಿಂದ ದೂರವಿರಿ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಸಲ್ಲದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತೆ ಮಂಡಳಿ 2022ರಲ್ಲೇ ಹೇಳಿದೆ. ಹೊಲ ಅಡವಿಟ್ಟು ಅಂಥ ಕಡೆ ಹೋಗುವವರನ್ನು ತಡೆಯಲೇಬೇಕು.

ತಾಯಿಯ ಮನಸ್ಸನ್ನೂ ನೋಡಿ. ‘ಗರ್ಭಿಣಿಯಾಗಿದ್ದಾಗ ಗ್ರಹಣ ನೋಡಿದಳು’, ‘ಅವಳ ಕಾಲ್ಗುಣ’ ಎಂಬ ಮಾತುಗಳು ಈಗಲೂ ಮನೆಯೊಳಗೆ ತಿರುಗುತ್ತವೆ. ಅವು ಸುಳ್ಳು, ಜೊತೆಗೆ ಮಗುವಿನ ಆರೈಕೆ ಮಾಡಬೇಕಾದವಳ ಕೈಯನ್ನೇ ಕಟ್ಟಿಹಾಕುತ್ತವೆ. ನಿದ್ದೆ ಬಾರದೆ, ಕೂಸನ್ನು ಎತ್ತಿಕೊಳ್ಳಲೂ ಮನಸ್ಸಾಗದೆ, ಸುಮ್ಮನೆ ಅಳು ಬರುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕಾಗದಪತ್ರಗಳು ಆಮೇಲೆ. ಚಿಕಿತ್ಸೆ ಶುರು ಮಾಡಲು ಯಾವ ಪ್ರಮಾಣಪತ್ರವೂ ಬೇಕಿಲ್ಲ, ಅದಕ್ಕಾಗಿ ಕಾಯಬೇಡಿ. ಅಂಗವೈಕಲ್ಯ ಖಚಿತವಾದರೆ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಚಿಕ್ಕ ಮಕ್ಕಳಿಗೆ ತಾತ್ಕಾಲಿಕವಾಗಿ ಕೊಡುವುದುಂಟು, ಮುಂದೆ ಮರುಪರೀಕ್ಷೆ ಇರುತ್ತದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿ ಬೆಳವಣಿಗೆಯ ಕೊರತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಯ ಖರ್ಚೂ ಅದರಲ್ಲಿ ಸೇರಿದೆ.

ಹಿರೇಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬಂದು ಬಾಡಿಗೆ ಕೋಣೆಗಳಲ್ಲಿರುವ ಕುಟುಂಬಗಳಿಗೆ ಬಾಣಂತನ ಮಾಡುವ ತವರು ಹತ್ತಿರದಲ್ಲಿಲ್ಲ, ಊರಿನ ಆಶಾ ಯಾರೆಂದೂ ಗೊತ್ತಿರುವುದಿಲ್ಲ. ಹೊರ ಜಿಲ್ಲೆಯವರಾಗಲಿ, ಹೊರ ರಾಜ್ಯದವರಾಗಲಿ, ವಾಸವಿರುವ ಬೀದಿಯ ಅಂಗನವಾಡಿಯಲ್ಲಿ ಮಗುವಿನ ಹೆಸರು ಬರೆಸಬಹುದು. ಪಕ್ಕದ ಕೋಣೆಯಲ್ಲಿ ಅಂಥ ಕೂಸಿದ್ದರೆ, ಅದರ ತಾಯಿಗೆ ಕನ್ನಡ ಬಾರದಿದ್ದರೆ, ಅಂಗನವಾಡಿಯವರೆಗೆ ಒಮ್ಮೆ ಅವರ ಜೊತೆ ಹೋಗಿ ಬನ್ನಿ. ಡಿಸ್ಚಾರ್ಜ್ ಚೀಟಿ ತರಲು ಮರೆಯದಂತೆ ಹೇಳಿ.